ಒಂದು ಫರ್ಲಾಂಗು ಸಾಕು

ತಾಳಗುಪ್ಪದಿಂದ ಹೊನ್ನಾವರಕ್ಕೆ ಹೋಗುವ ಹೆದ್ದಾರಿಯಲ್ಲಿ ಮಾವಿನಗುಂಡಿಯ ಆಚೆ, ಘಟ್ಟದ ಹಾದಿಯಲ್ಲಿ ಕತ್ತಲೆಕಾನು ಸಿಗುತ್ತದೆ. ಮಳೆಗಾಲದ ಶನಿವಾರ, ಭಾನುವಾರಗಳಲ್ಲಿ ಜೋಗ ನೋಡಿ ಕರಾವಳಿಗೆ ಹೊರಟ ಕಾರುಗಳು ಕೆಲವೇ ನಿಮಿಷಗಳಲ್ಲಿ ಅದನ್ನು ದಾಟಿಬಿಡುತ್ತವೆ. ಕಾರಿನಲ್ಲಿ ಕುಳಿತವರ ಮೇಲೆ ನನಗೆ ತಕರಾರಿಲ್ಲ, ಅವರು ಕಾಡು ನೋಡಲು ಬಂದವರೇ ಅಲ್ಲ. ತಕರಾರು ಇರುವುದು ಕಾಲ್ನಡಿಗೆಯವರ ಮೇಲೆ. ನಸುಕಿಗೆ ಎದ್ದು, ಬೆನ್ನಿಗೆ ಚೀಲ ಏರಿಸಿ, ದಿನವಿಡೀ ನಡೆದು, ನೆತ್ತಿಯ ಮೇಲೊಂದು ಫೋಟೊ ತೆಗೆಸಿಕೊಂಡು ಸಂಜೆಗೆ ಇಳಿದು ಬಂದವರು ಹೇಳುವ ಮಾತು ಬಹುಮಟ್ಟಿಗೆ ಒಂದೇ: "ಕಾಡೆಲ್ಲ ಸುತ್ತಿದ್ವಿ, ಏನೂ ಕಾಣ್ಲಿಲ್ಲ."

ಏನೂ ಅಂದರೆ ಹುಲಿ, ಆನೆ, ಚಿರತೆ. ಆ ಪಟ್ಟಿಯಲ್ಲಿ ಇಲ್ಲದ್ದು ಯಾವುದೂ ಲೆಕ್ಕಕ್ಕಿಲ್ಲ. 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಗೆ ಬಂದವರ ಹಾಗೆ ಸಾಲುಗಟ್ಟಿದ್ದ ಜನರ ಚಿತ್ರ ಪತ್ರಿಕೆಗಳಲ್ಲಿ ಬಂತು. ಅದಾದ ಮೇಲೆ ಅರಣ್ಯ ಇಲಾಖೆ ಚಾರಣವನ್ನು ತಡೆದು, ಬಳಿಕ ಆನ್‌ಲೈನ್ ಬುಕಿಂಗ್ ತಂದು ಜನರ ಸಂಖ್ಯೆಗೆ ಮಿತಿ ಹಾಕಿತು. ಅಷ್ಟು ಜನ ಅಷ್ಟು ದೂರ ನಡೆದರೂ ಅವರಿಗೆ ಕಂಡದ್ದು ಮುಂದೆ ಹೋಗುತ್ತಿದ್ದವರ ಬೆನ್ನು.

ನಾನು ಹೇಳುವುದು ಉಲ್ಟಾ. ಕಾಡಿನ ಗಿಡ, ಪ್ರಾಣಿ ನೋಡಬೇಕೆಂದಿದ್ದರೆ ದೂರ ನಡೆಯಲೇಬಾರದು. ಒಂದು ಫರ್ಲಾಂಗು ಸಾಕು, ಅಂದರೆ ಇನ್ನೂರು ಮೀಟರು. ಅದಕ್ಕೆ ಅರ್ಧ ದಿನ ಇಟ್ಟುಕೊಳ್ಳಬೇಕು.

ಕತ್ತಲೆಕಾನಿನ ಅಂಚಿನಲ್ಲೇ ನಿಂತು ನೋಡಿ. ಘಟ್ಟದ ತೊರೆಗಳು ಇಳಿಜಾರು ಕಳೆದು ನಿಧಾನವಾಗುವ ತಗ್ಗುಗಳಲ್ಲಿ ನೆಲ ವರ್ಷದ ಹೆಚ್ಚು ಕಾಲ ಒದ್ದೆಯಾಗಿಯೇ ಇರುತ್ತದೆ. ಸ್ಥಳೀಯರು ಜಡ್ಡಿ ಎನ್ನುವುದು ಇಂಥ ಜಾಗವನ್ನೇ. ರಾಂಪತ್ರೆಯ ಬಳಗದ ಮರಗಳು ಬೇರೂರಿರುವುದು ಇಲ್ಲಿ. ಕೆಸರಿನಲ್ಲಿ ಗಾಳಿ ಇಲ್ಲ, ಬೇರಿಗೂ ಉಸಿರು ಬೇಕು. ಹಾಗಾಗಿ ಪಿಂಡಿ ಮರದ ಬೇರು ಮಣ್ಣಿನಿಂದ ಮೇಲೆದ್ದು, ಮಂಡಿಯಂತೆ ಬಾಗಿ, ಮತ್ತೆ ಮಣ್ಣಿಗೆ ಇಳಿಯುತ್ತದೆ. ಇನ್ನೊಂದು ಜಾತಿ ಕಾಂಡದ ಮೇಲ್ಗಡೆಯಿಂದಲೇ ಊರುಗೋಲು ಬೇರುಗಳನ್ನು ಇಳಿಬಿಟ್ಟು ಕೆಸರಿನ ಮೇಲೆ ನಿಂತುಕೊಂಡಿದೆ. ಹೂಬಿಡುವ ಮರಗಳಲ್ಲಿ ಬಹಳ ಹಳೆಯ ಮನೆತನ ಇವುಗಳದ್ದು. ತೊಗಟೆಗೆ ಗಾಯವಾದರೆ ಒಸರುವ ರಸ ಕೆಂಪು. ಕಾಯಿ ಬಿರಿದಾಗ ಬೀಜದ ಸುತ್ತ ಬಲೆಯಂತೆ ಹಬ್ಬಿರುವ ಪತ್ರೆಯೂ ಕೆಂಪೇ. ಆ ಪತ್ರೆಯನ್ನು ಒಣಗಿಸಿ ಮಾರುವವರು ಘಟ್ಟದಲ್ಲಿ ಇಂದಿಗೂ ಇದ್ದಾರೆ, ಅಡುಗೆಯ ಮಸಾಲೆಗೆ ಅದು ಬೇಕು.

ಮನುಷ್ಯರಿಗಿಂತ ಮೊದಲು ಆ ಕೆಂಪನ್ನು ಕಾಣುವುದು ಮಂಗಟ್ಟೆ. ಇಡೀ ಬೀಜವನ್ನು ನುಂಗಿ, ಪತ್ರೆಯನ್ನು ಜೀರ್ಣಿಸಿಕೊಂಡು, ಗಟ್ಟಿ ಬೀಜವನ್ನು ಬೇರೆಲ್ಲೋ ಕಕ್ಕುತ್ತದೆ. ರಾಂಪತ್ರೆಯ ಬೀಜ ಭತ್ತ, ರಾಗಿಯಂತೆ ಒಣಗಿಸಿಟ್ಟು ಕಾಯಬಹುದಾದದ್ದಲ್ಲ. ಒಣಗಿತೋ, ಸತ್ತಿತು. ಬಿದ್ದ ಸ್ವಲ್ಪ ದಿನದಲ್ಲೇ ಅದಕ್ಕೆ ಒದ್ದೆ ನೆಲ ಸಿಗಬೇಕು. ಹಾಗಾಗಿ ಈ ಮರಕ್ಕೆ ಹಕ್ಕಿಯೂ ಬೇಕು, ಆ ಹಕ್ಕಿ ಹಾರಿ ಹೋಗುವ ಕಡೆ ಇನ್ನೊಂದು ಜಡ್ಡಿಯೂ ಇರಬೇಕು. ಎರಡು ಜಡ್ಡಿಗಳ ನಡುವೆ ಅಡಿಕೆ ತೋಟ, ರಸ್ತೆ, ಗದ್ದೆ ಬಂದಷ್ಟೂ ಈ ಲೆಕ್ಕ ತಪ್ಪುತ್ತದೆ. ಮಂಗಟ್ಟೆಯ ಸಂಸಾರಕ್ಕಂತೂ ದೊಡ್ಡ ಪೊಟರೆಯಿರುವ ಹಳೆಯ ಮರವೇ ಆಗಬೇಕು. ಹೆಣ್ಣು ಒಳಗೆ ಸೇರಿ, ಹಿಕ್ಕೆ, ಮಣ್ಣು ಮೆತ್ತಿ ಬಾಗಿಲು ಮುಚ್ಚಿಕೊಂಡು, ಕೊಕ್ಕು ತೂರುವಷ್ಟೇ ಸೀಳು ಬಿಟ್ಟುಕೊಳ್ಳುತ್ತದೆ. ವಾರಗಟ್ಟಲೆ ಗಂಡು ಹಣ್ಣು ತಂದು ಉಣಿಸಬೇಕು. ಆ ಗಂಡಿಗೆ ಏನಾದರೂ ಆದರೆ ಗೂಡಿನೊಳಗಿನ ಸಂಸಾರಕ್ಕೆ ದಿಕ್ಕಿಲ್ಲ.

ಇದೆಲ್ಲ ಹಗಲಿನ ಮಾತಾಯಿತು. ಇದೇ ಜಾಗದಲ್ಲಿ ಜೂನ್ ಕಳೆದು ಮಳೆ ಹಿಡಿದ ಮೇಲೆ, ಕತ್ತಲಾದ ನಂತರ, ಹೆಬ್ಬೆರಳು ಗಾತ್ರದ ಕಪ್ಪೆಯೊಂದು ಕುಂಬಾರಿಕೆಗೆ ಕೂರುತ್ತದೆ. ತೊರೆಯ ಅಂಚಿನ ಕಡ್ಡಿ, ಬಂಡೆಗಳ ಮೇಲೆ ಹೆಣ್ಣು ಮೊಟ್ಟೆ ಇಟ್ಟು ಹೋಗುತ್ತದೆ. ಗಂಡು ತೊರೆಗಿಳಿದು, ಮುಂಗೈಗಳಲ್ಲಿ ಕೆಸರು ಬಾಚಿ ತಂದು, ಹಿಂಗಾಲಿನ ಮೇಲೆ ನಿಂತು ಆ ಮೊಟ್ಟೆಗಳಿಗೆ ಮೆತ್ತುತ್ತದೆ. ಹೋಗುತ್ತದೆ, ಮತ್ತೆ ತರುತ್ತದೆ, ಮತ್ತೆ ಮೆತ್ತುತ್ತದೆ. ಮೊಟ್ಟೆ ಒಣಗದಿರಲಿ, ತಿನ್ನುವವರ ಕಣ್ಣಿಗೆ ಬೀಳದಿರಲಿ ಎಂದು ಈ ಲೇಪ ಇರಬಹುದು. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಇದನ್ನು ಹೊಸ ಜಾತಿಯೆಂದು ಲೋಕಕ್ಕೆ ತಿಳಿಸಿದಾಗ ಇಟ್ಟ ಹೆಸರೇ ನಿಕ್ಟಿಬಟ್ರಾಕಸ್ ಕುಂಬಾರ. ಹೆದ್ದಾರಿಯ ಪಕ್ಕದಲ್ಲೇ, ಬಸ್ಸುಗಳ ಸದ್ದು ಕೇಳುವ ದೂರದಲ್ಲಿ ಈ ಕಪ್ಪೆ ಎಷ್ಟು ಸಾವಿರ ವರ್ಷಗಳಿಂದ ಮಡಕೆ ಕೆಲಸ ಮಾಡಿಕೊಂಡಿತ್ತೋ ಏನೋ. ಬಸ್ಸು ನಂತರ ಬಂದದ್ದು ಎನ್ನುವುದು ಬೇರೆ ಮಾತು.

ನಿಧಾನ ನಡೆಯುವವರಿಗೆ ಉಂಬಳದ ಕಾಟ ಹೆಚ್ಚು, ಇದನ್ನು ಒಪ್ಪಬೇಕು. ಓಡುವವರ ಕಾಲಿಗೂ ಹತ್ತುತ್ತವೆ, ನಿಂತವರ ಕಾಲಿಗೆ ಸಾಲುಹಿಡಿದು ಬರುತ್ತವೆ. ತರಗೆಲೆಯ ತುದಿಯಲ್ಲಿ ಬಾಲ ಊರಿ ನಿಂತು, ತಲೆಯನ್ನು ಅತ್ತಿತ್ತ ಆಡಿಸುತ್ತ, ನೆಲದ ಕಂಪನ, ಮೈಬಿಸಿ, ಉಸಿರಿನ ಗಾಳಿ ಹಿಡಿದು ದಿಕ್ಕು ನೋಡಿಕೊಳ್ಳುತ್ತವೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಹೊಟ್ಟೆ ತುಂಬಿ ಉದುರಿದ ಮೇಲೆ, ನೆತ್ತರು ಹೆಪ್ಪುಗಟ್ಟದಂತೆ ಅದು ಬಿಟ್ಟುಹೋದ ರಸದಿಂದ ಗಾಯ ಬಹಳ ಹೊತ್ತು ಒಸರುತ್ತಿರುತ್ತದೆ. ಮಲೆನಾಡಿನವರ ಮದ್ದು ಹಳೆಯದು: ಸುಣ್ಣ, ಹೊಗೆಸೊಪ್ಪು, ಅಥವಾ ಕೋಲಿನ ತುದಿಗೆ ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟು. ಪೇಟೆಯವರು ಉಂಬಳ ಕಂಡು ಕುಣಿಯುವುದನ್ನು ನೋಡುವುದು ಊರ ಮಕ್ಕಳಿಗೆ ಪುಕ್ಕಟೆ ಮನರಂಜನೆ.

ಆದರೆ ಉಂಬಳಕ್ಕೆ ಕೊಡಬೇಕಾದ ಮರ್ಯಾದೆಯೊಂದಿದೆ. ಒಮ್ಮೆ ಹೀರಿದ ರಕ್ತವನ್ನು ಅದು ತಿಂಗಳುಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡು ಬದುಕಬಲ್ಲದು. ಅದೇ ರಕ್ತದಲ್ಲಿ ಡಿಎನ್ಎ ಹುಡುಕಿ ಕಾಡಿನಲ್ಲಿ ಯಾವ ಪ್ರಾಣಿಗಳಿವೆ ಎಂದು ಪತ್ತೆಮಾಡಬಹುದೆಂದು 2012ರಲ್ಲಿ ವಿಜ್ಞಾನಿಗಳು ವಿಯೆಟ್ನಾಮಿನ ಕಾಡಿನ ಉಂಬಳಗಳಿಂದ ತೋರಿಸಿದರು. ಅವುಗಳ ಹೊಟ್ಟೆಯಲ್ಲಿ ಅಲ್ಲಿಯ ಬಲು ಅಪರೂಪದ ಪಟ್ಟೆ ಮೊಲದ ಗುರುತು ಸಿಕ್ಕಿತು. ನಿಮ್ಮ ಕಾಲಿಗೆ ಹತ್ತಿದ ಉಂಬಳ ನಿಮಗಿಂತ ಮೊದಲು ಕಡವೆಯನ್ನೋ ಬರ್ಕವನ್ನೋ ಕಾಡುಹಂದಿಯನ್ನೋ ಮುಟ್ಟಿ ಬಂದಿರಬಹುದು. 'ಏನೂ ಕಾಣ್ಲಿಲ್ಲ' ಎಂದವರು ಕಾಡಿನಲ್ಲಿ ಎಲ್ಲವನ್ನೂ ಕಂಡವರಿಗೆ ರಕ್ತ ಕೊಟ್ಟು ಬಂದಿರುತ್ತಾರೆ.

ಉಂಬಳ ಪರವಾಗಿಲ್ಲ, ಉಣುಗಿನ ವಿಚಾರ ಮಾತ್ರ ತಮಾಷೆಯಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿ, ಹಿಂದೆಯೇ ಮನುಷ್ಯರಿಗೂ ಜ್ವರ ಬಂದಾಗ ಪತ್ತೆಯಾದದ್ದು ಮಂಗನ ಕಾಯಿಲೆ. ಇಂದಿಗೂ ಅದು ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಹಳ್ಳಿಗಳನ್ನು ಬಿಟ್ಟಿಲ್ಲ. ಮಳೆ ನಿಂತು ನೆಲ ಒಣಗಿದ ಮೇಲೆ, ಡಿಸೆಂಬರಿನಿಂದ ಮೇ ತನಕ, ಸಾಸಿವೆಗಿಂತ ಚಿಕ್ಕ ಮರಿ ಉಣುಗುಗಳು ತರಗೆಲೆಯಲ್ಲಿ ಕಾದಿರುತ್ತವೆ. ಆ ತಿಂಗಳುಗಳಲ್ಲಿ ಈ ಸೀಮೆಯ ಕಾಡು ತಿರುಗುವವರು ಮೈಮುಚ್ಚುವ ಬಟ್ಟೆ ಹಾಕಿ, ಉಣುಗಿನ ಎಣ್ಣೆ ಹಚ್ಚಿಕೊಂಡು, ಮನೆಗೆ ಬಂದು ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಬೇಕು. ಮಂಗ ಸತ್ತಿದೆ ಎಂದು ಊರವರು ಹೇಳಿದ ಕಡೆ ಸುಳಿಯಲೇಬಾರದು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಮಳೆಗಾಲದ ಕಾಡೇ ವಾಸಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಉಂಬಳ ರಕ್ತ ಕೇಳುತ್ತದೆ, ಅಷ್ಟೇ.

ಮಳೆ ಹಿಡಿಯುವ ಹೊತ್ತಿಗೆ ತಲೆಯೆತ್ತಿ ನಡೆದರೆ ಸೀತಾಳೆ ದಂಡೆ ಕಾಣುತ್ತದೆ. ರಸ್ತೆ ಬದಿಯ ಹಲಸು, ಮಾವು, ಮತ್ತಿಯ ಕೊಂಬೆಗಳಿಂದ ಗುಲಾಬಿ ಚುಕ್ಕೆಯ ಬಿಳಿ ಹೂಗಳ ಜಡೆ ಇಳಿಬಿದ್ದಿರುತ್ತದೆ. ಅಸ್ಸಾಮಿಗೂ ಅರುಣಾಚಲಕ್ಕೂ ಇದೇ ರಾಜ್ಯಪುಷ್ಪ. ಅಸ್ಸಾಮಿನ ಹುಡುಗಿಯರು ಬಿಹು ಹಬ್ಬಕ್ಕೆ ಮುಡಿಯುತ್ತಾರೆ, ನಮ್ಮ ಮಲೆನಾಡಿನಲ್ಲೂ ಮುಡಿಯುತ್ತಾರೆ. ಮರದ ಮೇಲೆ ಬೆಳೆಯುವುದೆಲ್ಲ ಮರದ ರಸ ಹೀರುತ್ತದೆಂದು ಜನ ತಿಳಿದಿದ್ದಾರೆ. ಹೀರುವುದು ಬಂದಳಿಕೆ. ಸೀತಾಳೆ ಮರವನ್ನು ಕೂರಲು ಮಾತ್ರ ಕೇಳುತ್ತದೆ, ನೀರನ್ನು ಇಳಿಬಿಟ್ಟ ಬೇರುಗಳಿಂದ ಗಾಳಿಯಲ್ಲಿ, ಮಳೆಯಲ್ಲಿ ಹಿಡಿದುಕೊಳ್ಳುತ್ತದೆ. ಅದರ ಬೀಜ ಧೂಳಿನಷ್ಟು ಸಣ್ಣ, ಒಳಗೆ ಬುತ್ತಿ ಎಂಬುದೇ ಇಲ್ಲ. ತೊಗಟೆಯ ಸಂದಿನಲ್ಲಿ ತಕ್ಕ ಶಿಲೀಂಧ್ರವೊಂದು ಸಿಕ್ಕಿ ಅದು ಉಣಿಸಿದರೆ ಮಾತ್ರ ಮೊಳಕೆ. ಒಂದು ಕಾಯಿಯಲ್ಲಿ ಲೆಕ್ಕವಿಲ್ಲದಷ್ಟು ಬೀಜವಿದ್ದರೂ ಗಿಡ ಅಪರೂಪವಾಗಿರುವುದು ಇದಕ್ಕೆ. ಪೇಟೆಗೆ ಒಯ್ದು ಬಾಲ್ಕನಿಯ ಕುಂಡದಲ್ಲಿ ನೆಡುತ್ತೇನೆಂದು ಕಿತ್ತುಕೊಂಡು ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಮುಡಿಯಲು ಒಂದು ದಂಡೆ ಕೊಯ್ದವಳ ಮೇಲೆ ಬರುವುದಿಲ್ಲ.

ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಬಂತು. ಹಾರುವ ಓತಿಯೊಂದನ್ನು ಹುಡುಕಿ ಒಂದು ತಂಡವೇ ದಟ್ಟಡವಿಗೆ ನುಗ್ಗುವ ಆ ಕಥೆ ಓದಿದ ನಮ್ಮ ಪೀಳಿಗೆಗೆ ಹಾರುವ ಓತಿ ಎಂದರೆ ಕಾಡಿನ ಹೊಟ್ಟೆಯೊಳಗೆ ಎಲ್ಲೋ ಇರುವಂಥದ್ದು. ಕಾದಂಬರಿಯ ಓತಿಯ ಗುಟ್ಟು ಬೇರೆ, ಅದನ್ನು ಇಲ್ಲಿ ಬಿಡಿಸುವುದು ಬೇಡ. ಆದರೆ ನಮ್ಮ ನಿಜವಾದ ಹಾರುವ ಓತಿ ಅಡಿಕೆ ತೋಟದಲ್ಲೇ ಸಿಗುತ್ತದೆ. ಮರದ ಬೊಡ್ಡೆಯ ಬಣ್ಣಕ್ಕೆ ಮೈಬಣ್ಣ ಹೊಂದಿಸಿ ಕೂತಿರುತ್ತದೆ. ಗಂಡು ಕುತ್ತಿಗೆಯ ಹಳದಿ ತೊಗಲನ್ನು ಚಾಚಿ ಮಡಚಿದಾಗಲೇ ಕಣ್ಣಿಗೆ ಬೀಳುವುದು. ಪಕ್ಕೆಲುಬುಗಳನ್ನು ಅಗಲಿಸಿ, ಅವುಗಳ ನಡುವಿನ ಚರ್ಮವನ್ನು ರೆಕ್ಕೆಯಾಗಿ ಬಿಚ್ಚಿ, ಒಂದು ಅಡಿಕೆ ಮರದಿಂದ ಇನ್ನೊಂದಕ್ಕೆ ತೇಲಿ ಹೋಗುತ್ತದೆ. ಇರುವೆ ತಿಂದು ಬದುಕುವ ಈ ಪ್ರಾಣಿಯಲ್ಲಿ ಹೆಣ್ಣು ನೆಲಕ್ಕಿಳಿಯುವುದು ಹೆಚ್ಚಾಗಿ ಮೊಟ್ಟೆ ಇಡುವುದಕ್ಕೆ. ತೋಟದ ಮನೆಯ ಅಂಗಳದಲ್ಲಿ ಕೂತು ಕಾಫಿ ಕುಡಿಯುತ್ತ ನೋಡಬಹುದಾದ ಸಂಗತಿ ಇದು. ಆದರೂ ಹೋಂಸ್ಟೇಗೆ ಬಂದವರು ಕಾಫಿ ಕುಡಿದು ಜೀಪು ಹತ್ತಿ ವ್ಯೂ ಪಾಯಿಂಟಿಗೆ ಹೊರಡುತ್ತಾರೆ.

ಅದೇ ತೋಟದ ಬೇಲಿಯಲ್ಲಿ ಚಗಳಿ ಇರುವೆಯ ಗೂಡು ಇದ್ದೇ ಇರುತ್ತದೆ. ಹಸಿ ಎಲೆಗಳ ಅಂಚುಗಳನ್ನು ಒಂದಕ್ಕೊಂದು ಎಳೆದು ಹಿಡಿಯುವುದು ಕೆಲವು ಇರುವೆಗಳ ಕೆಲಸ. ಇನ್ನು ಕೆಲವು ತಮ್ಮ ಮರಿಹುಳುಗಳನ್ನೇ ಬಾಯಲ್ಲಿ ಕಚ್ಚಿ ತಂದು, ಆ ಹುಳು ಬಿಡುವ ರೇಷ್ಮೆಯಿಂದ ಎಲೆ ಹೊಲಿಯುತ್ತವೆ. ದೊಡ್ಡ ಇರುವೆಗೆ ನೂಲು ಬರುವುದಿಲ್ಲ, ಕೂಸಿಗೆ ಬರುತ್ತದೆ. ಮಲೆನಾಡಿನವರು ಈ ಚಗಳಿಯ ಚಟ್ನಿಯ ರುಚಿ ಬಲ್ಲರು. ಸಾಲಿನಲ್ಲಿ ಓಡಾಡುವ ಚಗಳಿಗಳನ್ನು ಒಂದಿಷ್ಟು ಹೊತ್ತು ನೋಡುತ್ತಿದ್ದರೆ ಅವುಗಳ ಅಂಚಿನಲ್ಲಿ ಒಂದರ ನಡಿಗೆ ಬೇರೆ ಎನಿಸೀತು. ಎಣಿಸಿದರೆ ಎಂಟು ಕಾಲು. ಮುಂಗಾಲುಗಳನ್ನು ಮೀಸೆಯಂತೆ ಎತ್ತಿಕೊಂಡು ಇರುವೆಯ ವೇಷ ಹಾಕಿದ ಜೇಡ ಅದು. ಹತ್ತು ನಿಮಿಷ ಅಲ್ಲೇ ಕೂರದವರಿಗೆ ಈ ವೇಷ ಬಯಲಾಗುವುದಿಲ್ಲ.

ದೊಡ್ಡ ಪ್ರಾಣಿಗಳ ವಿಚಾರ ಹೆಚ್ಚು ಹೇಳುವುದಿಲ್ಲ. ಅವು ಎದುರಾದರೆ ಆಗುತ್ತವೆ. ಒಂಟಿ ಕಾಡುಕೋಣ ದಾರಿಯಲ್ಲಿ ನಿಂತಿದ್ದರೆ ಸದ್ದಿಲ್ಲದೆ ಹಿಂದೆ ಸರಿದು ಅದಕ್ಕೆ ದಾರಿ ಬಿಡಬೇಕು, ಮೊಬೈಲು ಎತ್ತಬಾರದು. ಕಾಳಿಂಗ ಕಂಡರೂ ಅದೇ ಮಾತು. ಜಗತ್ತಿನ ಹಾವುಗಳಲ್ಲಿ ತರಗೆಲೆ ಗುಡ್ಡೆಹಾಕಿ ಗೂಡು ಕಟ್ಟುವುದು ಕಾಳಿಂಗವೊಂದೇ. ಬೇಸಿಗೆಯ ಕೊನೆಯಲ್ಲಿ ಮೊಟ್ಟೆ ಇಟ್ಟ ಹೆಣ್ಣು ಗೂಡಿನ ಬಳಿ ಕಾವಲಿರುತ್ತದೆ, ಆಗ ಹತ್ತಿರ ಹೋಗುವುದು ಹುಡುಗಾಟವಲ್ಲ. ಪಶ್ಚಿಮಘಟ್ಟದ ಈ ಹಾವು ಬೇರೆಯೇ ಜಾತಿ ಎಂದು 2024ರಲ್ಲಿ ವಿಜ್ಞಾನಿಗಳು ಗುರುತಿಸಿ, ಓಫಿಯೊಫೇಗಸ್ ಕಾಳಿಂಗ ಎಂದು ಕನ್ನಡದ ಹೆಸರನ್ನೇ ಇಟ್ಟರು. ಆಗುಂಬೆ ಕಡೆಯ ಎಷ್ಟೋ ಮನೆಗಳಲ್ಲಿ ಕಾಳಿಂಗ ಕೊಟ್ಟಿಗೆಗೆ ಬಂದರೂ ಜನ ಕೋಲು ಎತ್ತುವುದಿಲ್ಲ, ಹಿಡಿಯುವವರಿಗೆ ಫೋನು ಮಾಡುತ್ತಾರೆ. ಚಾರಣಿಗರು ಕಲಿಯಬೇಕಾದ್ದು ಏನಾದರೂ ಇದ್ದರೆ ಆ ಮನೆಗಳ ಹೆಂಗಸರ ತಾಳ್ಮೆ.

ನಿಧಾನವಾಗಿ ನಡೆಯುವುದು ಹೊಸ ವಿದ್ಯೆಯೇನಲ್ಲ. ಉತ್ತರ ಕನ್ನಡದಲ್ಲಿ ಅಡಿಕೆ ತೋಟಕ್ಕೆಂದು ಸೊಪ್ಪಿನಬೆಟ್ಟ ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ಇದೆ, ಘಟ್ಟದ ಮೇಲೆ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ. ಅಲ್ಲಿ ದಿನವೂ ಸೊಪ್ಪಿಗೆ, ದರಕು ಎನ್ನುವ ತರಗೆಲೆಗೆ ಹೋಗುವವರ ಓಡಾಟವೆಲ್ಲ ಒಂದೆರಡು ಫರ್ಲಾಂಗಿನೊಳಗೇ ಮುಗಿಯುತ್ತದೆ. ಸಿದ್ದಾಪುರದ ಕಡೆ ದರಕಿನ ಹೆಡಿಗೆ ಹೊತ್ತು ಬರುತ್ತಿದ್ದವರೊಬ್ಬರನ್ನು, "ಅಕ್ಕಾ, ಬೆಟ್ಟದಲ್ಲಿ ದೂರ ಹೋಗ್ತೀರಾ?" ಎಂದು ಕೇಳಿದೆ. "ದೂರ ಎಂತಕ್ಕೆ ಹೋಗ್ಬೇಕು ಮಾರಾಯ್ರೆ, ಬೇಕಾದ್ದೆಲ್ಲ ಇಲ್ಲೇ ಇದ್ರೆ?" ಎಂದರು. ಹೆಡಿಗೆ ಇಳಿಸದೆಯೇ, ಯಾವ ಮುರುಗಲ ಮರ ಈ ವರ್ಷ ಕಾಯಿ ಬಿಟ್ಟಿದೆ, ಯಾವ ವಾಟೆ ಮರಕ್ಕೆ ಮಂಗ ಬಂದಿತ್ತು, ಯಾವ ಬಿಲದಲ್ಲಿ ಮುಳ್ಳುಹಂದಿ ಇದೆ ಎಂದು ಒಂದೊಂದಾಗಿ ಹೇಳುತ್ತ ಹೋದರು.

ಇಂಥವರೆಲ್ಲ ಕಾಡಿನ ಕಾವಲುಗಾರರೆಂದು ನಾನು ಹೇಳಲಾರೆ. 1990ರ ದಶಕದಲ್ಲಿ ಮೈ ಕರಗಿಸುವ ಮದ್ದಿಗೆ ಬೇಕೆಂದು ಉಪ್ಪಾಗೆಯ ಸಿಪ್ಪೆಗೆ ವಿದೇಶದಲ್ಲಿ ಬೇಡಿಕೆ ಬಂದು ದರ ಏರಿದಾಗ, ಹಣ್ಣಾಗುವ ಮೊದಲೇ ಕೊಯ್ದರು, ಕೊಂಬೆ ಕಡಿದರು, ಜಡಿಮಳೆಯಲ್ಲಿ ಸಿಪ್ಪೆ ಒಣಗಿಸಲು ರಾಶಿ ಸೌದೆ ಉರಿಸಿದರು. ಕೊಯ್ದವರು ಬಡವರು, ಕೊಂಡವರು ದೂರದವರು. ಅದೇ ಉಪ್ಪಾಗೆ ಹಣ್ಣನ್ನು ನೆಚ್ಚಿಕೊಂಡಿದ್ದ ಸಿಂಗಳೀಕಗಳ ಪಾಲು ಕಡಿಮೆಯಾಯಿತು. ಆದರೂ ಇಂದು ಈ ಬೆಟ್ಟಗಳಲ್ಲಿ ಯಾವ ಮರ ಎಲ್ಲಿದೆ ಎಂದು ಸಂಶೋಧಕರು ಕೇಳಿಕೊಂಡು ಬರುವುದು ದರಕಿನ ಹೆಡಿಗೆಯವರ ಬಳಿಗೇ. ಫೋನಿನ ಆ್ಯಪು ಎಲೆ ನೋಡಿ ಹೆಸರು ಹೇಳೀತು. ಹೋದ ವರ್ಷ ಈ ಮರ ಯಾಕೆ ಕಾಯಿ ಬಿಡಲಿಲ್ಲ ಎಂದು ಅದನ್ನು ಕೇಳಿ ನೋಡಿ.

ಇಷ್ಟೆಲ್ಲ ಓದಿ ದಯವಿಟ್ಟು ಯಾರೂ ಕತ್ತಲೆಕಾನಿಗೆ ಹೊರಡಬೇಡಿ. ಜಡ್ಡಿಯ ನೆಲ ಮೆದು, ಉಸಿರಾಡುವ ಬೇರುಗಳ ಮೇಲೆ ನೂರಾರು ಬೂಟು ಓಡಾಡಿದರೆ ಅದು ತಡೆಯುವುದಿಲ್ಲ. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಈ ಊರಿನ ಹೆಸರನ್ನೇ ಹೊತ್ತ, ಕೇರು ಮರದ ಬಂಧುವೊಂದು ಅಲ್ಲಿದೆ. ಅದರ ಬೆಳೆದ ಮರಗಳು ಉಳಿದಿರುವುದು ಬಹಳ ಕಡಿಮೆ, ಸಸಿಗಳು ಕಾಲಡಿಯಲ್ಲೇ ಇರುತ್ತವೆ. ಸಿಂಗಳೀಕಕ್ಕೆಂದು 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶ ಘೋಷಣೆಯಾದದ್ದೂ ಈ ಸೀಮೆಯಲ್ಲೇ. ಇಲಾಖೆಯ ಅನುಮತಿ ಇಲ್ಲದೆ ಈ ಕಾಡುಗಳಿಗೆ ಇಳಿಯುವಂತಿಲ್ಲ, ಅದು ಸರಿಯೂ ಹೌದು.

ಮನೆಗೆ ಹತ್ತಿರದ ಫರ್ಲಾಂಗು ಹುಡುಕಿಕೊಳ್ಳಿ. ತುಮಕೂರಿನವರಿಗೆ ದೇವರಾಯನದುರ್ಗ ಇದೆ. ಬೆಂಗಳೂರಿನವರಿಗೆ ತುರಹಳ್ಳಿ ಇದೆ, ಮರ ಉಳಿಸಿಕೊಂಡ ಹಳೆಯ ವಿದ್ಯಾಸಂಸ್ಥೆಗಳ ಆವರಣಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕಾಡುಪಾಪ ಇಂದಿಗೂ ಬದುಕಿದೆ, ದೇವರಾಯನದುರ್ಗದ ಕುರುಚಲಿನಲ್ಲೂ ಇದೆ. ಗೇಣುದ್ದದ ಮೈ, ಅದಕ್ಕೆ ಮೀರಿದ ಕಣ್ಣು, ಬಾಲ ಇಲ್ಲ. ಮಂಗನ ಹಾಗೆ ಕೊಂಬೆಯಿಂದ ಕೊಂಬೆಗೆ ಜಿಗಿಯಲು ಅದಕ್ಕೆ ಬರುವುದಿಲ್ಲ, ಒಂದು ಮರದ ರೆಂಬೆ ಇನ್ನೊಂದಕ್ಕೆ ತಾಗಿದ್ದರೆ ಮಾತ್ರ ದಾಟುತ್ತದೆ. ರಸ್ತೆ ಅಗಲ ಮಾಡಲು ನಡುವಿನ ಒಂದು ಮರ ಕಡಿದರೂ ಅದರ ಊರು ಎರಡಾಗುತ್ತದೆ. ಮಾಟಮಂತ್ರಕ್ಕೆಂದು ಹಿಡಿಯುವವರ ಕಾಟ ಬೇರೆ. ಕತ್ತಲಾದ ಮೇಲೆ, ಅನುಮತಿ ಇರುವ ಕಡೆ, ಬಲ್ಲವರ ಜತೆ ಹೋಗಿ. ಟಾರ್ಚಿನ ಬಾಯಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿಕೊಳ್ಳಿ, ಬಿಳಿ ಬೆಳಕು ಅದರ ಕಣ್ಣಿಗೆ ಕಷ್ಟ. ಎರಡು ಕೆಂಪು ಚುಕ್ಕೆ ಹೊಳೆದರೆ ನಿಂತುಬಿಡಿ. ಅದು ಒಂದು ರೆಂಬೆ ದಾಟುವ ಹೊತ್ತಿಗೆ ನೀವು ಮಾಮೂಲಿ ನಡಿಗೆಯಲ್ಲಿ ಅರ್ಧ ಮೈಲಿ ಮುಂದೆ ಹೋಗಿಬಿಟ್ಟಿರುತ್ತಿದ್ದಿರಿ.